ಮೂರಕ್ಷರದ ಊರಿಗೆ 54 ಗುರುತು

ಅಪ್ಪ: ಬಂದೆಯಾ? ಕೈಕಾಲು ತೊಳೆದುಕೊಂಡು ಬಂದು ಇದೊಂದು ನೋಡಮ್ಮ. ವಿಕಿಪೀಡಿಯದಲ್ಲಿ ಮೈಸೂರಿನ ಲೇಖನ ಓದುತ್ತಾ ಕೂತಿದ್ದೆ. ನಮ್ಮ ವಾಟ್ಸಾಪ್ ಗುಂಪಿನವರೂ ಓದಲಿ ಅಂತ ಲಿಂಕ್ ಕಳಿಸಿದೆ. ಮೇಲೆ ವಿಳಾಸದ ಪಟ್ಟಿಯಲ್ಲಿ 'ಮೈಸೂರು' ಅಂತ ಕನ್ನಡದಲ್ಲೇ ಇತ್ತು. ಗುಂಪಿಗೆ ಅಂಟಿಸಿದ ಕೂಡಲೇ ಪರ್ಸೆಂಟ್ ಇ ಸೊನ್ನೆ, ಪರ್ಸೆಂಟ್ ಬಿ ಎರಡು, ಪರ್ಸೆಂಟ್ ಎ ಇ ಅಂತ ಮೂರು ಸಾಲು ಆಯಿತು. ವೈರಸ್ ಕಳಿಸಿದ್ದೀರಿ ಅಂತ ಒಬ್ಬರು ಬರೆದಿದ್ದಾರೆ. ಅಳಿಸಿಬಿಡಲಾ?

ಮಗಳು: ಅಳಿಸಬೇಡಿ ಅಪ್ಪ. ಅದು ಮೈಸೂರೇ. ಇವತ್ತು ಬೆಳಗಿನಿಂದ ಆಫೀಸಿನಲ್ಲಿ ನಾನು ಗುದ್ದಾಡಿದ್ದೂ ಇದರ ಜೊತೆಯಲ್ಲೇ.

ಅಪ್ಪ: ಮೈಸೂರು ಮೂರಕ್ಷರ. ಇದು ಗೂಡ್ಸ್ ಗಾಡಿಯಷ್ಟು ಉದ್ದ ಇದೆಯಲ್ಲ?

ಮಗಳು: ಕಣ್ಣಿಗೆ ಮೂರು. ಯೂನಿಕೋಡ್ ಲೆಕ್ಕದಲ್ಲಿ ಆರು: ಮ, ಐತ್ವ, ಸ, ಕೊಂಬಿನ ಇಳಿ, ರ, ಕೊಂಬು. ಕನ್ನಡದ ಒಂದೊಂದು ಗುರುತಿಗೂ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. ಆರು ಮೂರ್ಲ 18 ಬೈಟ್. ವಿಳಾಸದಲ್ಲಿ ಒಂದೊಂದು ಬೈಟಿಗೂ ಒಂದು ಪರ್ಸೆಂಟ್ ಚಿಹ್ನೆ, ಅದರ ಮುಂದೆ ಎರಡು ಅಂಕಿಯೋ ಅಕ್ಷರವೋ ಬರಬೇಕು. ಅಲ್ಲಿಗೆ 54 ಆಯಿತು.

ಅಪ್ಪ: ಕನ್ನಡವನ್ನು ಕನ್ನಡದಲ್ಲೇ ಬರೆಯೋಕೆ ಏನು ಕಷ್ಟ? ಯಾರು ಮಾಡಿದ ಕಟ್ಟಳೆ ಇದು?

ಮಗಳು: ಟಿಮ್ ಬರ್ನರ್ಸ್-ಲೀ ಇನ್ನಿಬ್ಬರ ಜೊತೆ ಸೇರಿ ಮಾಡಿದ್ದು. 1994ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 1738 ಅನ್ನೋ ಕಡತದಲ್ಲಿ ವೆಬ್ ವಿಳಾಸ ಹೇಗಿರಬೇಕು ಅಂತ ಬರೆದಿಟ್ಟರು. ವಿಳಾಸ ಯಾವ ಯಂತ್ರದ ಮೂಲಕ ಹಾದುಹೋದರೂ ಕೆಡಬಾರದು, ಅದಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ, ಎಣಿಸಿದಷ್ಟು ಚಿಹ್ನೆ ಮಾತ್ರ ನೇರವಾಗಿ ಇರಲಿ, ಮಿಕ್ಕಿದ್ದೆಲ್ಲ ಪರ್ಸೆಂಟ್ ರೂಪದಲ್ಲಿ ಹೋಗಲಿ ಅಂದರು. ಆದರೆ ಪರ್ಸೆಂಟ್ ಮಾಡುವ ಬೈಟುಗಳನ್ನು ಯಾವ ಪದ್ಧತಿಯಿಂದ ತೆಗೆದುಕೊಳ್ಳಬೇಕು ಅಂತ ಹೇಳಲಿಲ್ಲ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, 1992ರಲ್ಲಿ ಕೆನ್ ಥಾಮ್ಸನ್, ರಾಬ್ ಪೈಕ್ ಯುಟಿಎಫ್-8 ರೂಪಿಸಿಯೂ ಆಗಿತ್ತು. ವಿಳಾಸದ ನಿಯಮಕ್ಕೆ ಯುಟಿಎಫ್-8 ಬಂದು ಸೇರಿದ್ದು 2005ರ ಜನವರಿಯಲ್ಲಿ, ಆರ್‌ಎಫ್‌ಸಿ 3986ರಲ್ಲಿ. ಅದೇ ತಿಂಗಳು 3987 ಅಂತ ಇನ್ನೊಂದು ಬಂತು, ಅದರಲ್ಲಿ ಕನ್ನಡವನ್ನು ಕನ್ನಡವಾಗಿಯೇ ಬರೆಯಬಹುದು. ಬ್ರೌಸರ್ ಈಗ ಎರಡನ್ನೂ ನಿಭಾಯಿಸುತ್ತೆ. ನಿಮ್ಮ ಕಣ್ಣಿಗೆ ಮೈಸೂರು ಅಂತ ತೋರಿಸಿ, ತಂತಿಯ ಮೇಲೆ ಪರ್ಸೆಂಟ್ ಮಾಡಿ ಕಳಿಸುತ್ತೆ. ನಕಲು ಮಾಡಿದರೆ ತಂತಿಯ ಮೇಲಿನ ರೂಪವೇ ಕೈಗೆ ಬರುತ್ತೆ.

ಅಪ್ಪ: ಸರಿ, ಕನ್ನಡದ ಮಾತಾಯಿತು. ಆಫೀಸಿನಲ್ಲಿ ನಿನ್ನ ಗುದ್ದಾಟ ಏನು?

ಮಗಳು: ಪುಸ್ತಕಗಳ ಆ್ಯಪ್ ಮಾಡುತ್ತಿದ್ದೀವಲ್ಲ, ಅದಕ್ಕೆ ಪಟ್ಟಿ ನಮ್ಮದಲ್ಲ. ಇನ್ನೊಂದು ಕಡೆಯವರ ವೆಬ್ ಸರ್ವಿಸ್ ಇದೆ. ನಮ್ಮ ಪ್ರೋಗ್ರಾಂ ಕೇಳುತ್ತೆ, ಅವರ ಪ್ರೋಗ್ರಾಂ ಪುಸ್ತಕದ ಹೆಸರು, ಮುಖಪುಟದ ಚಿತ್ರದ ಲಿಂಕು, ಮುಂದಿನ ಪುಟದ ಲಿಂಕು ಎಲ್ಲ ಕೊಡುತ್ತೆ. ಇಂಗ್ಲಿಷ್ ಪುಸ್ತಕಗಳ ಚಿತ್ರವೆಲ್ಲ ಬರುತ್ತೆ, ಕನ್ನಡದ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಚಿತ್ರ ಖಾಲಿ. 'ಕಥೆ & ಕವನ' ಅಂತ ಹುಡುಕಿದರೆ ಕಥೆಯ ಪುಸ್ತಕಗಳೆಲ್ಲ ಬರುತ್ತೆ, ಅದೊಂದು ಬಿಟ್ಟು. ಇಲ್ಲಿ ಕಾಗದದ ಮೇಲೆ ಬರೆಯುತ್ತೇನೆ ನೋಡಿ, ನಾವು ಕಳಿಸುತ್ತಿದ್ದದ್ದು ಹೀಗೆ:

ಹುಡುಕು?ಹೆಸರು=ಕಥೆ & ಕವನ&ಪುಟ=1

ಅಪ್ಪ: ಸರಿಯಾಗೇ ಇದೆಯಲ್ಲಮ್ಮ.

ಮಗಳು: ಓದುವವರಿಗೆ ಸರಿ. ಆ ಕಡೆಯ ಯಂತ್ರಕ್ಕೆ & ಅಂದರೆ 'ಒಂದು ಮಾತು ಮುಗಿಯಿತು, ಇನ್ನೊಂದು ಶುರು' ಅಂತ ಅರ್ಥ. ಹೆಸರು ಅಂದರೆ 'ಕಥೆ', ಆಮೇಲೆ 'ಕವನ' ಅಂತ ಇನ್ನೇನೋ ಒಂದು, ಆಮೇಲೆ ಪುಟ ಅಂತ ಅದು ಮೂರು ತುಂಡು ಮಾಡಿತು. ಕಥೆ ಅಂತಷ್ಟೇ ಹುಡುಕಿತು. ಯಂತ್ರದ ತಪ್ಪೇನೂ ಇಲ್ಲ.

ಅಪ್ಪ: ತಡಿ. ಇದು ನನಗೆ ಗೊತ್ತು! ನಾನು ಕರಡು ತಿದ್ದುತ್ತಿದ್ದ ಪ್ರೆಸ್ಸಿನಲ್ಲಿ ಆಗಿದ್ದು ಇದೇ. ಕವಿಯೊಬ್ಬರು ಕರಡಿನ ನಡುವೆ 'ಇಲ್ಲಿ ಒಂದು ಸಾಲು ಬಿಡಿ' ಅಂತ ಬರೆದಿದ್ದರು. ಹೊಸ ಕಂಪೋಸಿಟರ್ ಹುಡುಗ ಅದನ್ನೂ ಮೊಳೆ ಜೋಡಿಸಿದ. ಎರಡನೆಯ ಕರಡು ಯಾರೂ ನೋಡದೆ ಅಚ್ಚಿಗೆ ಹೋಗಿ, ಕವನದ ಮಧ್ಯೆ 'ಇಲ್ಲಿ ಒಂದು ಸಾಲು ಬಿಡಿ' ಅಂತ ಅಚ್ಚಾಯಿತು. ಕವಿ ಬಂದು ಕೂತು ಅತ್ತುಬಿಟ್ಟರು ಕಣಮ್ಮ. ಹುಡುಗನಿಗೆ ಹೇಳಿದ ಮಾತು ಯಾವುದು, ಓದುಗನಿಗೆ ಹೇಳಿದ ಮಾತು ಯಾವುದು ಅಂತ ಗೊತ್ತಾಗದೆ ಹೋದರೆ ಅಷ್ಟೇ.

ಮಗಳು: ಇಡೀ ವಿಷಯ ಅದೇ ಅಪ್ಪ. ಪ್ರಶ್ನಾರ್ಥಕ ಚಿಹ್ನೆ, ಓರೆಗೆರೆ, #, &, =, + ಇವೆಲ್ಲ ವಿಳಾಸದಲ್ಲಿ ಕಂಪೋಸಿಟರ್‌ಗೆ ಹೇಳುವ ಮಾತು. ಓದುಗನಿಗೆ ಹೇಳಬೇಕಾದ ಮಾತಿನಲ್ಲೂ ಅವೇ ಚಿಹ್ನೆ ಬಂದರೆ ಪರ್ಸೆಂಟ್ ಮಾಡಿ ಕಳಿಸಬೇಕು. & ಇದ್ದಲ್ಲಿ %26, ಖಾಲಿ ಜಾಗ ಇದ್ದಲ್ಲಿ %20. ಕನ್ನಡವನ್ನು ನಿಮಗೆ ಓದಲು ಬರುವ ಹಾಗೆ ಬಿಟ್ಟು ಬರೆಯುತ್ತೇನೆ:

ಹುಡುಕು?ಹೆಸರು=ಕಥೆ%20%26%20ಕವನ&ಪುಟ=1

ಈಗ ಮೊದಲಿನ & ಓದುಗನದು, ಎರಡನೆಯದು ಕಂಪೋಸಿಟರ್‌ದು. ಪುಸ್ತಕ ಸಿಕ್ಕಿತು.

ಅಪ್ಪ: ಹಾಗಾದರೆ ವಿಳಾಸ ಪೂರ್ತಿ ಬರೆದ ಮೇಲೆ ಒಂದೇ ಏಟಿಗೆ ಎಲ್ಲವನ್ನೂ ಪರ್ಸೆಂಟ್ ಮಾಡಿಬಿಡಿ. ತಂಟೆಯೇ ಇರಲ್ಲ.

ಮಗಳು: ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಹಾಗೇ ಮಾಡುತ್ತಾರೆ. ಪೂರ್ತಿ ವಿಳಾಸ ಕೈಗೆ ಬಂದ ಮೇಲೆ ಯಾವ & ಯಾರದು ಅಂತ ಹೇಳೋಕೆ ಆಗಲ್ಲ. ಎಲ್ಲವನ್ನೂ ಮಾಡಿದರೆ ಕಂಪೋಸಿಟರ್‌ಗೆ ಹೇಳಿದ ಮಾತೂ ಅಚ್ಚಾಗುತ್ತೆ, ಬಿಟ್ಟರೆ ಓದುಗನ ಮಾತು ತುಂಡಾಗುತ್ತೆ. ಜೋಡಿಸುವುದಕ್ಕೆ ಮುಂಚೆ, ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಪರ್ಸೆಂಟ್ ಮಾಡಿ, ಆಮೇಲೆ ಜೋಡಿಸಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೇ ಎರಡು ಬೇರೆ ಸಲಕರಣೆ ಇದೆ. ಎನ್‌ಕೋಡ್‌ಯುಆರ್‌ಐ ಅನ್ನೋದು ಪೂರ್ತಿ ವಿಳಾಸಕ್ಕೆ, ಅದು & ಅನ್ನು ಮುಟ್ಟಲ್ಲ. ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಅನ್ನೋದು ತುಂಡಿಗೆ, ಅದು & ಅನ್ನು %26 ಮಾಡುತ್ತೆ. ನಮ್ಮವರು ತುಂಡಿಗೆ ಮೊದಲನೆಯದನ್ನು ಬಳಸಿದ್ದರು. ಒಂದು ಪದದ ವ್ಯತ್ಯಾಸ, ಅದಕ್ಕೆ ಎರಡು ವರ್ಷ ಆ ಪುಸ್ತಕ ಯಾರ ಕಣ್ಣಿಗೂ ಬಿದ್ದಿಲ್ಲ.

ಅಪ್ಪ: ಎರಡು ವರ್ಷವಾ!

ಮಗಳು: ಇನ್ನೂ ಎರಡು ಪುಸ್ತಕ ಹೇಳುತ್ತೇನೆ ಕೇಳಿ. ಸಿ# ಅಂತ ಒಂದು ಕಂಪ್ಯೂಟರ್ ಭಾಷೆ ಇದೆ. # ಚಿಹ್ನೆ ಬಂದ ಮೇಲೆ ಮುಂದಿನದನ್ನು ಬ್ರೌಸರ್ ಆ ಕಡೆಗೆ ಕಳಿಸುವುದೇ ಇಲ್ಲ, ಅದು ಪುಟದ ಒಳಗಿನ ಜಾಗಕ್ಕೆ ಮೀಸಲು. ಹಾಗಾಗಿ ಸಿ# ಅಂತ ಕೇಳಿದರೆ ಸಿ ಭಾಷೆಯ ಪುಸ್ತಕ ಬರುತ್ತೆ. ಇನ್ನೊಂದು ಸಿ++. ವೆಬ್‌ನಲ್ಲಿ ಫಾರಂ ತುಂಬಿ ಕಳಿಸುವ ಹಳೆಯ ಪದ್ಧತಿಯಲ್ಲಿ + ಅಂದರೆ ಖಾಲಿ ಜಾಗ. ಪ್ರಶ್ನಾರ್ಥಕ ಚಿಹ್ನೆಯ ಆಚೆಗೆ + ಬಂದರೆ ಹೆಚ್ಚಿನ ಸರ್ವರ್‌ಗಳು ಖಾಲಿ ಜಾಗ ಅಂತಲೇ ಓದುತ್ತವೆ, ಈಚೆಗೆ ಬಂದರೆ + ಅಂತಲೇ ಓದುತ್ತವೆ. ಸಿ++ ಕೂಡ ಸಿ ಆಗಿಬಿಡುತ್ತೆ. ನಿಮ್ಮ ಫೋನ್ ನಂಬರಿಗೆ +91 ಅಂತ ಸೇರಿಸಿ ಬ್ಯಾಂಕಿನ ಫಾರಂಗೆ ಕೊಟ್ಟಾಗ ತಪ್ಪು ನಂಬರ್ ಅಂತ ಬಂತಲ್ಲ, ಅಲ್ಲಿಯೂ ಇದೇ ಆಗಿರಬಹುದು. + ಅನ್ನು %2ಬಿ ಅಂತ ಕಳಿಸಬೇಕು. ಜಾವಾದಲ್ಲಿ ಯುಆರ್‌ಎಲ್‌ಎನ್‌ಕೋಡರ್ ಅಂತ ಒಂದು ಸಲಕರಣೆ ಇದೆ. ಹೆಸರು ನೋಡಿ ವಿಳಾಸಕ್ಕೆಲ್ಲ ಅದನ್ನೇ ಬಳಸುತ್ತಾರೆ. ಅದು ಮಾಡುವುದು ಫಾರಂ ಪದ್ಧತಿ, ಖಾಲಿ ಜಾಗವನ್ನು + ಮಾಡುತ್ತೆ. ಕಡತದ ಹೆಸರಿಗೆ ಬಳಸಿದರೆ ಚಿತ್ರ ಸಿಗಲ್ಲ.

ಅಪ್ಪ: ಖಾಲಿ ಚಿತ್ರ ಅಂದೆಯಲ್ಲ, ಅದಕ್ಕೂ ಇದೇ ಕಾರಣವಾ?

ಮಗಳು: ಅದು ಬೇರೆ, ಅದು ನನಗೆ ನಿಜಕ್ಕೂ ಬೇಸರ ತಂದದ್ದು. ಚಿತ್ರದ ಲಿಂಕು ಅವರು ಕೊಡುವಾಗಲೇ ಸರಿಯಾಗಿ ಪರ್ಸೆಂಟ್ ಮಾಡಿ ಕೊಟ್ಟಿದ್ದರು. ನಮ್ಮಲ್ಲೊಬ್ಬರು 'ಕನ್ನಡ ಇದೆ, ಸುರಕ್ಷಿತವಾಗಿರಲಿ' ಅಂತ ಮತ್ತೊಮ್ಮೆ ಮಾಡಿದರು. ಪರ್ಸೆಂಟ್ ಚಿಹ್ನೆಯನ್ನೇ ಪರ್ಸೆಂಟ್ ಮಾಡಿದರೆ %25 ಆಗುತ್ತೆ. %20 ಇದ್ದದ್ದು %2520 ಆಯಿತು. ಆ ಕಡೆಯ ಸರ್ವರ್ ಒಂದು ಸಲ ಬಿಚ್ಚಿ ನೋಡಿತು, ಒಳಗೆ ಇನ್ನೂ %20 ಅಂತಲೇ ಇತ್ತು. ಆ ಹೆಸರಿನ ಕಡತ ಇಲ್ಲ, 404. ಇಂಗ್ಲಿಷ್ ಹೆಸರುಗಳಲ್ಲಿ ಪರ್ಸೆಂಟೇ ಇರಲಿಲ್ಲ, ಎಷ್ಟು ಸಲ ಮಾಡಿದರೂ ಹಾಗೇ ಉಳಿದವು. ಯಾರಿಗೂ ಅನುಮಾನ ಬರಲಿಲ್ಲ.

ಅಪ್ಪ: ತಿದ್ದಿದ ಕರಡನ್ನು ಇನ್ನೊಬ್ಬ ಮತ್ತೆ ತಿದ್ದಿದ ಹಾಗೆ. ಅದಕ್ಕೇ ನಮ್ಮಲ್ಲಿ ತಿದ್ದಿದವರು ಕೆಳಗೆ ಸಹಿ ಹಾಕಲೇಬೇಕಿತ್ತು. ಸಹಿ ಇದ್ದ ಹಾಳೆಯನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ.

ಮಗಳು: 2005ರ ಆ ನಿಯಮದಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ ಅಪ್ಪ. ಒಂದೇ ಪದವನ್ನು ಎರಡು ಸಲ ಪರ್ಸೆಂಟ್ ಮಾಡಬಾರದು, ಎರಡು ಸಲ ಬಿಚ್ಚಲೂಬಾರದು. ಎರಡು ಸಲ ಬಿಚ್ಚುವುದು ಇನ್ನೂ ಅಪಾಯ. ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಒಂದು ಸಲ ಬಿಚ್ಚಿ, ಕಳ್ಳದಾರಿ ಏನಾದರೂ ಇದೆಯಾ ಅಂತ ತಪಾಸಣೆ ಮಾಡಿ, ಆಮೇಲೆ ಇನ್ನೊಂದು ಸಲ ಬಿಚ್ಚುತ್ತಿತ್ತು. %255ಸಿ ಅಂತ ಕಳಿಸಿದರೆ ಮೊದಲ ಸಲ %5ಸಿ ಆಗುತ್ತೆ. ನೋಡಲು ಸಾಧು, ತಪಾಸಣೆ ದಾಟಿತು. ಎರಡನೆಯ ಸಲ ಬ್ಯಾಕ್‌ಸ್ಲ್ಯಾಶ್ ಆಗಿ, ಮುಟ್ಟಬಾರದ ಕಡತಗಳ ಮನೆಗೆ ಬಾಗಿಲು ತೆರೆಯಿತು. 2001ರ ಮೇ ತಿಂಗಳಲ್ಲಿ ಅದಕ್ಕೆ ತೇಪೆ ಬಂತು. ಎಲ್ಲರೂ ಹಾಕಿಕೊಳ್ಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಹಬ್ಬಿದ ನಿಮ್ಡಾ ಅನ್ನೋ ವರ್ಮ್ ಒಳಗೆ ನುಗ್ಗಿದ ದಾರಿಗಳಲ್ಲಿ ಅದೂ ಒಂದು.

ಅಪ್ಪ: ಹಾಗಾದರೆ ಬೇರೆಯವರು ಕೊಟ್ಟ ವಿಳಾಸವನ್ನು ಏನು ಮಾಡಬೇಕು?

ಮಗಳು: ಏನೂ ಮಾಡಬಾರದು. ಕೊಟ್ಟಂತೆ ಇಟ್ಟುಕೊಂಡು, ಕೊಟ್ಟಂತೆ ಬಳಸಬೇಕು. ಕೆಲವು ಲಿಂಕುಗಳಲ್ಲಿ ಕೊಟ್ಟವರ ಡಿಜಿಟಲ್ ಸಹಿಯೂ ಇರುತ್ತೆ, ಒಂದು ಗುರುತು ಬದಲಾದರೂ ಸರ್ವರ್ ಬಾಗಿಲು ಹಾಕುತ್ತೆ. ಒಳಗಿನ ಹೆಸರನ್ನು ಓದಲೇಬೇಕಾದರೆ ಮೊದಲು ವಿಳಾಸವನ್ನು ತುಂಡು ಮಾಡಿ, ಆಮೇಲೆ ತುಂಡನ್ನು ಬಿಚ್ಚಬೇಕು. ಮೊದಲೇ ಬಿಚ್ಚಿಬಿಟ್ಟರೆ %26 ಎಲ್ಲ & ಆಗಿ, ಮತ್ತೆ ಕವಿಯ ಕಥೆಯೇ.

ಅಪ್ಪ: ಅವರು ಕೊಡುವಾಗಲೇ ತಪ್ಪಾಗಿ ಕೊಟ್ಟರೆ?

ಮಗಳು: ಕೊಡುತ್ತಾರೆ. ಖಾಲಿ ಜಾಗ, ಕನ್ನಡ ಅಕ್ಷರ ಹಾಗೇ ಬಿಟ್ಟು ಕಳಿಸುವವರು ಇದ್ದಾರೆ. ಬ್ರೌಸರ್ ಉದಾರಿ, ಅದು ಒಳಗೇ ಸರಿಮಾಡಿಕೊಳ್ಳುತ್ತೆ. ಅದಕ್ಕೇ 'ನನ್ನ ಬ್ರೌಸರ್‌ನಲ್ಲಿ ತೆರೆಯುತ್ತೆ' ಅಂತ ವಾದ ಬರುತ್ತೆ. ಜಾವಾ ಅಷ್ಟು ಉದಾರಿ ಅಲ್ಲ, ಖಾಲಿ ಜಾಗ ಕಂಡರೆ ಅಲ್ಲೇ ನಿಂತುಬಿಡುತ್ತೆ. ಅಂಥ ವಿಳಾಸಕ್ಕೆ ಬ್ರೌಸರ್‌ಗಳು ಅನುಸರಿಸುವ ನಿಯಮದ ಲೈಬ್ರರಿ ಬಳಸಿದರೆ, ಇರಬಾರದ್ದನ್ನು ಮಾತ್ರ ಪರ್ಸೆಂಟ್ ಮಾಡಿ, ಆಗಲೇ ಮಾಡಿರುವುದನ್ನು ಹಾಗೇ ಬಿಡುತ್ತೆ. ಆದರೆ '100% ಕನ್ನಡ' ಅಂತ ಹೆಸರು ಹಾಗೇ ಬಂತು ಅನ್ನಿ, ಆ ಪರ್ಸೆಂಟ್ ಯಾರದು ಅಂತ ಯಾವ ಲೈಬ್ರರಿಯೂ ಹೇಳಲ್ಲ. ಅಲ್ಲಿ ಊಹೆ ಮಾಡಬಾರದು, ಕೊಟ್ಟವರನ್ನು ಕೇಳಬೇಕು. ಇವತ್ತು ಸಂಜೆ ನಾನು ಅವರಿಗೆ ಮೇಲ್ ಬರೆದೇ ಬಂದೆ.

ಅಪ್ಪ: ಮುಂದಿನ ಪುಟದ ಲಿಂಕು ಅಂತಲೂ ಅಂದೆ.

ಮಗಳು: ಅದು ಲಕೋಟೆಯ ಗೊಂದಲ. ಅವರು ಪಟ್ಟಿಯನ್ನು ಎಕ್ಸ್‌ಎಂಎಲ್ ರೂಪದಲ್ಲಿ ಕಳಿಸುತ್ತಾರೆ. ಅದರಲ್ಲಿ & ಅನ್ನೋದಕ್ಕೆ ಬೇರೆಯೇ ಅರ್ಥ, ಹಾಗಾಗಿ ವಿಳಾಸದೊಳಗಿನ & ಅನ್ನು &, ಎ, ಎಂ, ಪಿ, ಅರ್ಧವಿರಾಮ ಅಂತ ಐದು ಗುರುತಿನಲ್ಲಿ ಬರೆದು ಕಳಿಸಬೇಕು. ಎಕ್ಸ್‌ಎಂಎಲ್ ಓದುವ ಪಾರ್ಸರ್ ಬಳಸಿದರೆ ಅದು ತಾನಾಗಿ & ಆಗಿ ಕೈಗೆ ಬರುತ್ತೆ. ನಮ್ಮವರು ಪಾರ್ಸರ್ ಬಿಟ್ಟು, ಇಲ್ಲಿಂದ ಇಲ್ಲಿಯವರೆಗೆ ಅಂತ ಕತ್ತರಿಸಿ ತೆಗೆದಿದ್ದರು. ಲಕೋಟೆಯ ಅಂಟು ಪತ್ರಕ್ಕೂ ಹತ್ತಿಕೊಂಡು ಬಂತು. 'ಪುಟ=2' ಅಂತ ಕೇಳಿದರೂ ಆ ಕಡೆಗೆ ಕಂಡದ್ದು 'ಎಎಂಪಿ;ಪುಟ' ಅನ್ನೋ ಅಪರಿಚಿತ ಹೆಸರು. ಹಾಗಾಗಿ ಯಾವಾಗ ಕೇಳಿದರೂ ಮೊದಲ ಪುಟ. ಜೇಸನ್ ರೂಪದಲ್ಲೂ ಇಂಥವು ಇವೆ. ಪಿಎಚ್‌ಪಿ ಮಾಮೂಲಿಯಾಗಿ ಪ್ರತಿ ಓರೆಗೆರೆಯ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕುತ್ತೆ. ಗೋ ಭಾಷೆ & ಅನ್ನು ಬ್ಯಾಕ್‌ಸ್ಲ್ಯಾಶ್, ಯು, 0026 ಅಂತ ಬರೆಯುತ್ತೆ. ಎರಡೂ ಸರಿಯೇ, ಪಾರ್ಸರ್ ತೆಗೆದುಕೊಡುತ್ತೆ. ಕೈಯಲ್ಲಿ ಕತ್ತರಿಸುವವರಿಗೆ ಮಾತ್ರ ಕಷ್ಟ.

ಅಪ್ಪ: ಅಲ್ಲಿಗೆ ಎಲ್ಲ ಸರಿಹೋಯಿತು ಅನ್ನು.

ಮಗಳು: ಇಲ್ಲ. ಸಂಜೆ ಐದಕ್ಕೆ ನೋಡಿದಾಗ ಇನ್ನೂ ಎರಡು ಪುಸ್ತಕದ ಚಿತ್ರ ಬರುತ್ತಿರಲಿಲ್ಲ. ಒಂದು ಮೈಸೂರಿನ ಇತಿಹಾಸ, ಇನ್ನೊಂದು ರಾಜ್‌ಕುಮಾರ್ ಮೇಲಿನ ಪುಸ್ತಕ. ಇದಕ್ಕೆ ನಿಮ್ಮಂಥ ಕರಡು ತಿದ್ದುವವರೇ ಬೇಕು. ನೀವು 'ಮೈ' ಹೇಗೆ ಬರೆಯುತ್ತೀರಿ?

ಅಪ್ಪ: ಮೆ ಬರೆದು ಕೆಳಗೆ ಐತ್ವದ ಗುರುತು.

ಮಗಳು: ಯೂನಿಕೋಡ್‌ನಲ್ಲಿ ಅದಕ್ಕೆ ಎರಡು ದಾರಿ ಇದೆ. ಮ ಪಕ್ಕದಲ್ಲಿ ಇಡೀ ಐತ್ವ ಒಂದೇ ಗುರುತಾಗಿ. ಇಲ್ಲವೇ ನೀವು ಹೇಳಿದ ಹಾಗೆ ಮ, ಎತ್ವ, ಆಮೇಲೆ ಕೆಳಗಿನ ಗುರುತು. ಎರಡೂ ಒಂದೇ ಅಂತ ಯೂನಿಕೋಡ್ ಒಪ್ಪುತ್ತೆ, ತೆರೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲ್ಲ. ಬೈಟುಗಳು ಬೇರೆ. ಮೊದಲ ಮೈಸೂರಿಗೆ 54 ಗುರುತು, ಎರಡನೆಯ ಮೈಸೂರಿಗೆ 63. ಕೀ, ಕೇ, ಕೊ, ಕೋ ಎಲ್ಲಕ್ಕೂ ಹೀಗೇ ಎರಡು ರೂಪ. ಹಳೆಯ ಮ್ಯಾಕ್ ಕಂಪ್ಯೂಟರ್‌ಗಳು ಕಡತದ ಹೆಸರನ್ನು ಬಿಡಿಸಿದ ರೂಪದಲ್ಲಿ ಇಡುತ್ತಿದ್ದವು. ಕಡತದ ಹೆಸರು ಬಿಡಿಸಿದ ರೂಪದಲ್ಲಿ, ಪಟ್ಟಿಯಲ್ಲಿನ ಹೆಸರು ಕೂಡಿಸಿದ ರೂಪದಲ್ಲಿ ಇದ್ದರೆ ಎರಡೂ ಎಂದಿಗೂ ಕೂಡಲ್ಲ. ಹೆಸರನ್ನು ಉಳಿಸುವಾಗಲೇ ಎನ್‌ಎಫ್‌ಸಿ ಅನ್ನೋ ಕೂಡಿಸಿದ ರೂಪಕ್ಕೆ ತಂದುಬಿಟ್ಟರೆ ಈ ಜಗಳ ಇಲ್ಲ. ಕಂಡುಹಿಡಿಯೋಕೆ ನನಗೆ ಒಂದೂವರೆ ಗಂಟೆ ಹಿಡಿಯಿತು. ಕಣ್ಣಿಗೆ ಕಾಣದ ತಪ್ಪನ್ನು ಕಣ್ಣಿನಿಂದ ಹುಡುಕುತ್ತಿದ್ದೆ.

ಅಪ್ಪ: ರಾಜ್‌ಕುಮಾರ್‌ಗೆ ಏನಾಯಿತು? ಅದರಲ್ಲಿ ಐತ್ವ ಇಲ್ಲವಲ್ಲ.

ಮಗಳು: ಅದರಲ್ಲಿ ಜ್ ಆದ ಮೇಲೆ ಕು ಒತ್ತಕ್ಷರವಾಗಿ ಕೆಳಗೆ ಇಳಿಯಬಾರದು ಅಂತ ನಡುವೆ ಒಂದು ಕಾಣದ ಗುರುತು ಹಾಕುತ್ತೇವೆ, ಜೀರೋ ವಿಡ್ತ್ ನಾನ್ ಜಾಯಿನರ್ ಅಂತ. ಅದಿಲ್ಲದಿದ್ದರೆ 'ರಾಜ್ಕುಮಾರ್' ಅಂತ ಆಗಿಬಿಡುತ್ತೆ. ವಿಳಾಸದಲ್ಲಿ ಅದೊಂದಕ್ಕೇ 9 ಗುರುತು. ನಮ್ಮ ಪ್ರೋಗ್ರಾಂನಲ್ಲಿ ಎಲ್ಲಿಂದಲೋ ತಂದು ಹಾಕಿದ ನಾಲ್ಕು ಸಾಲು ಇತ್ತು. ಕಾಣದ ಗುರುತುಗಳೆಲ್ಲ ಕಸ ಅಂತ ಗುಡಿಸಿ ಹಾಕುತ್ತಿತ್ತು. ಇಂಗ್ಲಿಷ್‌ಗೆ ಅದು ಕಸ ಇರಬಹುದು. ನಮಗೆ ಅದು ಕಾಗುಣಿತ.

ಅಪ್ಪ: ಇದು ಅನ್ಯಾಯ ಕಣಮ್ಮ. ಒತ್ತು ಎಲ್ಲಿ ಬರಬೇಕು, ಎಲ್ಲಿ ಬರಬಾರದು ಅಂತ ನಾವು ಮೊಳೆಯ ಕಾಲದಲ್ಲಿ ಎಷ್ಟು ಒದ್ದಾಡಿದ್ದೇವೆ. ಮೊಳೆಯಾದರೆ ಕೈಗೆ ಸಿಗುತ್ತಿತ್ತು. ಇಷ್ಟಕ್ಕೂ ಇದೆಲ್ಲ ಎರಡು ವರ್ಷ ಯಾರಿಗೂ ಗೊತ್ತಾಗದೆ ಹೇಗೆ ಇತ್ತು? ನೀವು ಪರೀಕ್ಷೆ ಮಾಡಲ್ವಾ?

ಮಗಳು: ಮಾಡುತ್ತೇವೆ. ಪರೀಕ್ಷೆಯ ಪಟ್ಟಿ ತೆಗೆದು ನೋಡಿದೆ. 40 ಹೆಸರು ಇದ್ದವು. ಬುಕ್1, ಬುಕ್2, ಟೆಸ್ಟ್, ಹಲೋ. ಎಲ್ಲ ಇಂಗ್ಲಿಷ್ ಅಕ್ಷರ, ಎಲ್ಲೂ ಖಾಲಿ ಜಾಗ ಇಲ್ಲ, & ಇಲ್ಲ. ಕನ್ನಡ ಪುಸ್ತಕಗಳ ಆ್ಯಪ್‌ನ ಪರೀಕ್ಷೆಯಲ್ಲಿ ಒಂದೇ ಒಂದು ಕನ್ನಡ ಹೆಸರಿಲ್ಲ. ಅಂಥ ಪಟ್ಟಿಯ ಮುಂದೆ ಈ ತಪ್ಪುಗಳು ಎಷ್ಟು ವರ್ಷ ಬೇಕಾದರೂ ನೆಮ್ಮದಿಯಾಗಿ ಬದುಕುತ್ತವೆ.

ಅಪ್ಪ: ಕಾಗದ ತಗೋ, ನಾನು ಹೇಳುತ್ತೇನೆ, ಬರೆದುಕೋ. ಮೈಸೂರು, ಎರಡೂ ಥರ. ರಾಜ್‌ಕುಮಾರ್, ಆ ಕಾಣದ ಗುರುತಿನ ಸಮೇತ. ಕಥೆ & ಕವನ. ಸಿ++. ಸಿ#. 100% ಕನ್ನಡ. ಇನ್ನು 'ಯಾರು?' ಅಂತ ಪ್ರಶ್ನೆ ಇರುವ ಒಂದು ಹೆಸರು, ನಡುವೆ ಓರೆಗೆರೆ ಇರುವ ಒಂದು ಹೆಸರು. ಸಾಕಾ?

ಮಗಳು: ಈ ಎಂಟು ಬಗೆ ದಾಟಿದರೆ ಬಹಳಷ್ಟು ದಾಟಿದ ಹಾಗೆ. ನಾಳೆ ಬೆಳಿಗ್ಗೆ ಮೊದಲ ಕೆಲಸವೇ ಇದನ್ನು ಸೇರಿಸುವುದು. ಮತ್ತೆ ನಿಮ್ಮ ಸಹಿಯ ಪದ್ಧತಿಯನ್ನೂ ತರುತ್ತೇನೆ. ಪರ್ಸೆಂಟ್ ಮಾಡಿದ ಹೆಸರು, ಮಾಡದ ಹೆಸರು ಎರಡನ್ನೂ ಪ್ರೋಗ್ರಾಂನಲ್ಲಿ ಬೇರೆಬೇರೆ ಹೆಸರಿನಿಂದಲೇ ಕರೆಯಬೇಕು ಅಂತ. ಆಗ ಇನ್ನೊಬ್ಬರು ಬಂದು ತಿದ್ದಿದ್ದನ್ನೇ ತಿದ್ದಲ್ಲ.

ಅಪ್ಪ: ಸರಿ. ಈಗ ಗುಂಪಿನವರಿಗೆ ಏನಂತ ಹೇಳಲಿ?

ಮಗಳು: ಲಿಂಕು ಯಾವುದೇ ಆಗಲಿ, ಒತ್ತುವುದಕ್ಕೆ ಮುಂಚೆ, ಶುರುವಿನ ಜೋಡಿ ಓರೆಗೆರೆ ಆದ ಮೇಲಿನಿಂದ ಮುಂದಿನ ಓರೆಗೆರೆಯ ತನಕ ಇರುವ ತಾಣದ ಹೆಸರು ನೋಡಿ ಅನ್ನಿ. ಇಲ್ಲಿ ವಿಕಿಪೀಡಿಯದ್ದೇ ಇದೆ, ಭಯವಿಲ್ಲ.

ಅಪ್ಪ: ಬರೆಯುತ್ತೇನೆ ನೋಡು. 'ಸ್ನೇಹಿತರೇ, ಇದು ವೈರಸ್ ಅಲ್ಲ, ಮೈಸೂರು. ವಿಳಾಸದ ಶುರುವಿನಲ್ಲಿ ವಿಕಿಪೀಡಿಯ ಅಂತ ಇದೆ, ನೋಡಿಕೊಂಡು ಒತ್ತಿ. ನಿಮ್ಮ ಮನೆಯಲ್ಲಿ ಮಕ್ಕಳು ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ, ಅವರ ಪರೀಕ್ಷೆಯ ಪಟ್ಟಿಗೆ ನಮ್ಮೂರಿನ ಹೆಸರನ್ನೂ ಕನ್ನಡದಲ್ಲಿ ಸೇರಿಸಲು ದಯವಿಟ್ಟು ಹೇಳಿ.'